ಹಡಗು ನಿಂತ ದಿನ: ಖಾಸಗಿ ಗೈಡ್ ಬೇಕೆ, ಹಡಗಿನ ಟೂರ್ ಸಾಕೆ?

ಕ್ರೂಸ್‌ನ ವೇಳಾಪಟ್ಟಿಯಲ್ಲಿ 'ರೋಮ್, ಬೆಳಿಗ್ಗೆ 7ರಿಂದ ಸಂಜೆ 7' ಎಂದು ಅಚ್ಚಾಗಿರುತ್ತದೆ. ಓದಿದವರು ಹನ್ನೆರಡು ಗಂಟೆ ರೋಮ್ ನೋಡಬಹುದು ಎಂದುಕೊಳ್ಳುತ್ತಾರೆ. ಆದರೆ ಹಡಗು ರೋಮ್‌ಗೆ ಹೋಗುವುದೇ ಇಲ್ಲ. ಅದು ನಿಲ್ಲುವುದು ನಗರದಿಂದ ಸುಮಾರು 70-80 ಕಿಲೋಮೀಟರ್ ದೂರದ ಚಿವಿತವೆಕ್ಕಿಯಾ ಬಂದರಿನಲ್ಲಿ. ಏಳಕ್ಕೆ ಹಡಗು ಧಕ್ಕೆಗೆ ತಾಗಿದರೂ ಅಧಿಕಾರಿಗಳ ಅನುಮತಿ ಸಿಕ್ಕಿ, ಸಾಲಿನಲ್ಲಿ ನಿಂತು ಕೆಳಗಿಳಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿರುತ್ತದೆ. ಸಂಜೆ ಏಳಕ್ಕೆ ಹೊರಡುವ ಹಡಗಿಗೆ ಆರು ಅಥವಾ ಆರೂವರೆಯೊಳಗೆ ಎಲ್ಲರೂ ಹತ್ತಿರಬೇಕು. ಅದಕ್ಕೂ ಒಂದು ಗಂಟೆ ಮೊದಲು ಬಂದರಿಗೆ ಮರಳುವ ಎಚ್ಚರ ಬೇಕು. ಹೋಗಿಬರುವ ದಾರಿಗೆ ಮೂರು ಗಂಟೆ ಕಳೆದರೆ ಕೈಯಲ್ಲಿ ಉಳಿಯುವುದು ಆರು ಗಂಟೆ ಚಿಲ್ಲರೆ. ಅದರಲ್ಲಿ ಊಟವೂ ಸೇರಿದೆ.

ಯಾವ ಟೂರ್ ತೆಗೆದುಕೊಳ್ಳಬೇಕು ಎಂಬ ಮಾತು ಬಂದಾಗ ಹೆಚ್ಚಿನವರು ದರದಿಂದ ಶುರುಮಾಡುತ್ತಾರೆ. ಮೊದಲು ನೋಡಬೇಕಾದದ್ದು ಬಂದರಿಗೂ ಊರಿಗೂ ನಡುವಿನ ದೂರವನ್ನು. ಹಡಗಿನ ಟೂರ್ ಸರಿಯೋ, ಖಾಸಗಿ ಗೈಡ್ ಸರಿಯೋ, ಯಾರೂ ಬೇಡವೋ ಎಂಬುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ. ದರ, ಗುಂಪಿನ ಗಾತ್ರ, ವಯಸ್ಸು, ಮಳೆ ಇವೆಲ್ಲ ಆಮೇಲಿನ ಲೆಕ್ಕ.

ಆಯ್ಕೆಗಳು ಏನೇನು

ಹಡಗಿನ ಕೌಂಟರ್‌ನಲ್ಲಿ ಮಾರುವ ಟೂರ್ ಎಂದರೆ ನಲವತ್ತು ಐವತ್ತು ಜನರ ಬಸ್, ಎದೆಯ ಮೇಲೆ ಅಂಟಿಸಿದ ಸಂಖ್ಯೆಯ ಚೀಟಿ, ಕೋಲಿನ ತುದಿಯಲ್ಲಿ ಅದೇ ಸಂಖ್ಯೆ ಎತ್ತಿಹಿಡಿದ ಗೈಡ್, ಕಿವಿಗೆ ಸಿಕ್ಕಿಸಿಕೊಂಡ ಪುಟ್ಟ ರೇಡಿಯೋ. ಅದರ ಗುಣ ಒಂದೇ, ಆದರೆ ದೊಡ್ಡದು: ಬಸ್ ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಕಂಪನಿಯೇ ನಿಮ್ಮನ್ನು ಮುಂದಿನ ಬಂದರಿಗೆ ತಲುಪಿಸುತ್ತದೆ. ದೋಷವೂ ಅಷ್ಟೇ ಸ್ಪಷ್ಟ. ಐವತ್ತು ಜನ ಶೌಚಾಲಯಕ್ಕೆ ಹೋಗಿಬರಲು ಅರ್ಧ ಗಂಟೆ ಬೇಕು. ಅಂಥ ಎರಡು ನಿಲುಗಡೆಯಾದರೆ ನಿಮ್ಮ ಆರು ಗಂಟೆಯಲ್ಲಿ ಒಂದು ಗಂಟೆ ಹೋಯಿತು.

ಖಾಸಗಿ ಟೂರ್ ಎಂದರೆ ನಿಮ್ಮ ಕುಟುಂಬಕ್ಕೋ ಗೆಳೆಯರ ಗುಂಪಿಗೋ ಒಂದೇ ವಾಹನ, ಒಬ್ಬ ಗೈಡ್. ದರ ತಲೆಗೆ ಅಲ್ಲ, ವಾಹನಕ್ಕೆ. ಇವೆರಡರ ನಡುವೆ ಹತ್ತು ಹದಿನೈದು ಅಪರಿಚಿತರು ಹಂಚಿಕೊಳ್ಳುವ ಸಣ್ಣ ವ್ಯಾನಿನ ಟೂರ್ ಇದೆ. ಬಸ್ಸಿಗಿಂತ ಚುರುಕು, ಖಾಸಗಿಗಿಂತ ಅಗ್ಗ. ಒಬ್ಬರೋ ಇಬ್ಬರೋ ಹೋಗುವವರಿಗೆ ಇದು ಬಹಳ ಸಲ ಸರಿಯಾದ ಉತ್ತರ. ಒಂದೇ ತೊಂದರೆ, ತಡಮಾಡುವ ಒಬ್ಬ ಸಹಪ್ರಯಾಣಿಕ ಇಡೀ ವ್ಯಾನನ್ನು ಕಾಯಿಸುತ್ತಾನೆ, ಮತ್ತು ಆಗ ನಿಮಗೆ ಹಡಗಿನ ರಕ್ಷಣೆಯೂ ಇರುವುದಿಲ್ಲ.

ಇನ್ನೊಂದು ಆಯ್ಕೆ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ವಾಹನವಿಲ್ಲದೆ ಗೈಡ್ ಒಬ್ಬರನ್ನಷ್ಟೇ ಎರಡು ಮೂರು ಗಂಟೆಗೆ ಗೊತ್ತುಮಾಡಿಕೊಂಡು, ಅವರನ್ನು ಸ್ಮಾರಕದ ಬಾಗಿಲಲ್ಲೇ ಭೇಟಿಯಾಗುವುದು. ನನ್ನ ಮಟ್ಟಿಗೆ ಅರ್ಧದಷ್ಟು ಬಂದರುಗಳಲ್ಲಿ ಇದೇ ಮೇಲು. ಕೊನೆಯದು ಸ್ವಂತವಾಗಿ ತಿರುಗುವುದು: ನಡಿಗೆ, ಮೆಟ್ರೊ, ಹತ್ತಿ ಇಳಿಯುವ ಪ್ರವಾಸಿ ಬಸ್.

ಬಂದರೇ ಊರಾದಾಗ

ಇಸ್ತಾಂಬುಲ್‌ನಲ್ಲಿ 2021ರಿಂದ ಹಡಗುಗಳು ಕರಾಕೊಯ್ ಬಳಿಯ ಗಲಾಟಾಪೋರ್ಟ್‌ನಲ್ಲಿ ನಿಲ್ಲುತ್ತವೆ. ಹೊರಬಂದರೆ ಟ್ರಾಮ್ ನಿಲ್ದಾಣ. ಆ ಟ್ರಾಮ್ ಸೇತುವೆ ದಾಟಿ ಹಗಿಯಾ ಸೋಫಿಯಾ ಇರುವ ಸುಲ್ತಾನಹ್ಮೆತ್ ಚೌಕಕ್ಕೆ ನೇರ ಹೋಗುತ್ತದೆ. ನೇಪಲ್ಸ್‌ನಲ್ಲಿ ಧಕ್ಕೆಯಿಂದ ರಸ್ತೆ ದಾಟಿದರೆ ಹಳೆಯ ಕೋಟೆ. ಬಾರ್ಸಿಲೋನಾದಲ್ಲಿ ಬಂದರಿನ ಬಸ್ ಕೊಲಂಬಸ್ ಸ್ತಂಭದ ಬಳಿ ಇಳಿಸುತ್ತದೆ, ಅಲ್ಲಿಂದ ರಾಂಬ್ಲಾ ಬೀದಿ ಶುರು. ಡುಬ್ರೊವ್ನಿಕ್‌ನ ಗ್ರೂಜ್ ಬಂದರಿನಿಂದ ಹಳೆಯ ಪಟ್ಟಣಕ್ಕೆ ಮೂರು ಕಿಲೋಮೀಟರ್. ಇಂಥ ಕಡೆ ಇಡೀ ದಿನಕ್ಕೆ ಕಾರು ಬಾಡಿಗೆಗೆ ಪಡೆಯುವುದು ದಂಡ. ಹಳೆಯ ಊರುಗಳ ಬೀದಿಗಳಲ್ಲಿ ಕಾರು ಹೋಗುವುದಿಲ್ಲ, ನಿಲ್ಲಿಸಲು ಜಾಗ ಸಿಗುವುದಿಲ್ಲ, ಕೊನೆಗೆ ನೀವು ನಡೆಯುತ್ತೀರಿ, ಚಾಲಕ ಎಲ್ಲೋ ಚಹಾ ಕುಡಿಯುತ್ತಿರುತ್ತಾನೆ.

ಆದರೆ ಗೈಡ್ ಬೇಡವೆಂದಲ್ಲ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೆಯ ರೋಮನ್ ಊರು ಪೊಂಪೇಯ ಉದಾಹರಣೆ ನೋಡಿ. ನೇಪಲ್ಸ್‌ನಿಂದ 25 ಕಿಲೋಮೀಟರ್ ಆಸುಪಾಸು. ಲೋಕಲ್ ರೈಲು ಅವಶೇಷಗಳ ಮುಖ್ಯದ್ವಾರದ ಪಕ್ಕಕ್ಕೇ ಬಿಡುತ್ತದೆ. ಸಾರಿಗೆಯ ಸಮಸ್ಯೆ ಇಲ್ಲ. ಒಳಗೆ ಹೋದ ಮೇಲೆ ಸಮಸ್ಯೆ. ಒಟ್ಟು 66 ಹೆಕ್ಟೇರ್, ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಅಗೆದು ತೆರೆದದ್ದು, ಎಲ್ಲ ಬೀದಿಗಳೂ ಒಂದೇ ರೀತಿ, ನೆರಳು ಕಡಿಮೆ. ಗೈಡ್ ಇಲ್ಲದವರು ಮೊದಲ ಒಂದು ಗಂಟೆ ಕಲ್ಲುಚಪ್ಪಡಿಯ ಮೇಲೆ ನಕ್ಷೆ ತಿರುಗಿಸುತ್ತ ನಿಲ್ಲುತ್ತಾರೆ. ಗೊತ್ತಿರುವವರು ಜೊತೆಗಿದ್ದರೆ ಬೀದಿಯ ಕಲ್ಲಿನಲ್ಲಿ ಗಾಡಿಚಕ್ರ ಕೊರೆದ ಗೆರೆ, ಅಂಗಡಿ ಕಟ್ಟೆಯಲ್ಲಿ ಮಡಕೆ ಕೂರಿಸಿದ ಗುಂಡಿ, ಬಾಗಿಲ ಜಾರುಪಟ್ಟಿಯ ಗುರುತು ಇವನ್ನು ತೋರಿಸುತ್ತ ಎರಡು ಗಂಟೆಯಲ್ಲಿ ಊರನ್ನು ಎದ್ದು ನಿಲ್ಲಿಸುತ್ತಾರೆ. ಅಲ್ಲಿ ದುಡ್ಡು ಕೊಡಬೇಕಾದದ್ದು ಆ ಎರಡು ಗಂಟೆಗೆ, ಚಕ್ರಗಳಿಗಲ್ಲ. 2024ರ ನವೆಂಬರ್‌ನಿಂದ ಪೊಂಪೇಗೆ ದಿನಕ್ಕೆ 20,000 ಜನರ ಮಿತಿ ಬಂದಿದೆ, ಹಾಗಾಗಿ ಟಿಕೆಟ್ ಮುಂಗಡವಾಗಿ ಕೊಂಡಿರಬೇಕು.

ಅಥೆನ್ಸ್ ಕೂಡ ಇದೇ ಸಾಲಿಗೆ ಸೇರುತ್ತದೆ. ಪಿರೇಯಸ್ ಬಂದರಿನಿಂದ ನಗರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್, 2022ರಿಂದ ಎರಡನೆಯ ಮೆಟ್ರೊ ಮಾರ್ಗವೂ ಬಂದಿದೆ. ಹಡಗು ನಿಲ್ಲುವ ಜಾಗದಿಂದ ಮೆಟ್ರೊ ನಿಲ್ದಾಣಕ್ಕೆ ಸ್ವಲ್ಪ ದೂರವಿದೆ ಎಂಬುದನ್ನು ಮಾತ್ರ ಮರೆಯಬೇಡಿ. ಗುಡ್ಡದ ಮೇಲಿನ ಪುರಾತನ ದೇವಾಲಯಗಳ ಅಕ್ರೊಪೊಲಿಸ್‌ಗೆ ಗಂಟೆ ನಮೂದಾದ ಟಿಕೆಟ್, ದಿನಕ್ಕೆ 20,000 ಜನರ ಮಿತಿ. ಹಡಗಿನ ಬಸ್ಸುಗಳೆಲ್ಲ ಒಂಬತ್ತು ಹತ್ತರ ನಡುವೆ ಅಲ್ಲಿಗೆ ಬಂದು ಬೀಳುತ್ತವೆ. ನಿಮ್ಮದೇ ಗೈಡ್ ಇದ್ದರೆ ಎಂಟಕ್ಕೆ ಬಾಗಿಲು ತೆರೆಯುವಾಗಲೇ ಹತ್ತಬಹುದು, ಇಲ್ಲವೇ ಮೊದಲು ಮ್ಯೂಸಿಯಂ ನೋಡಿಕೊಂಡು ಜನ ಇಳಿದ ಮೇಲೆ ಹೋಗಬಹುದು.

ನಡು ದೂರದ ಊರುಗಳು

ಖಾಸಗಿ ಟೂರ್‌ಗೆ ನಿಜವಾದ ಬೆಲೆ ಬರುವುದು ಬಂದರಿನಿಂದ ಇಪ್ಪತ್ತರಿಂದ ತೊಂಬತ್ತು ಕಿಲೋಮೀಟರ್‌ವರೆಗಿನ ಊರುಗಳಲ್ಲಿ. ಸಾರ್ವಜನಿಕ ಸಾರಿಗೆ ಸಿಕ್ಕರೂ ಎರಡು ಕಡೆ ಬದಲಾಯಿಸಬೇಕು. ನೋಡುವ ಜಾಗಗಳು ಒಂದಕ್ಕೊಂದು ದೂರ. ವಾಹನವೂ ಬೇಕು, ಗೊತ್ತಿರುವವರೂ ಬೇಕು.

ಟರ್ಕಿಯ ಕುಶಾದಾಸಿಯಿಂದ ಎಫೆಸಸ್ ಸುಮಾರು 20 ಕಿಲೋಮೀಟರ್. ಈ ಹಳೆಯ ನಗರ ಇಳಿಜಾರಿನ ಮೇಲಿದೆ, ಮೇಲೊಂದು ದ್ವಾರ, ಕೆಳಗೊಂದು ದ್ವಾರ. ನಿಮ್ಮ ವಾಹನ ಮೇಲಿನ ದ್ವಾರದಲ್ಲಿ ಇಳಿಸಿ ಕೆಳಗಿನ ದ್ವಾರದಲ್ಲಿ ಕಾಯುತ್ತದೆ. ನೀವು ಅಮೃತಶಿಲೆಯ ಬೀದಿಯಲ್ಲಿ ಇಳಿಯುತ್ತ ಹೋದಂತೆ ಸೆಲ್ಸಸ್ ಗ್ರಂಥಾಲಯದ ಮುಂಭಾಗ ಕೆಳಗಿನಿಂದ ಎದ್ದು ಬರುತ್ತದೆ, ಕೊನೆಗೆ ದೊಡ್ಡ ರಂಗಮಂದಿರ. ಬಿಸಿಲಿನಲ್ಲಿ ಅದೇ ದಾರಿಯನ್ನು ಮತ್ತೆ ಹತ್ತಿ ವಾಪಸು ಬರಬೇಕಾಗಿಲ್ಲ. ಹಡಗಿನ ಬಸ್ಸೂ ಈ ಅನುಕೂಲ ಕೊಡುತ್ತದೆ ನಿಜ. ಆದರೆ ಇಳಿಜಾರಿನ ನಡುವಿನ ತಾರಸಿ ಮನೆಗಳಿಗೆ ಬೇರೆ ಟಿಕೆಟ್, ಅದನ್ನು ಹೆಚ್ಚಿನ ಬಸ್ ಟೂರ್‌ಗಳು ಬಿಟ್ಟುಬಿಡುತ್ತವೆ. ಶ್ರೀಮಂತರ ಮನೆಗಳ ಗೋಡೆಚಿತ್ರ, ನೆಲದ ಮೊಸಾಯಿಕ್ ಎಲ್ಲ ಇರುವುದು ಅಲ್ಲೇ. ಖಾಸಗಿ ಗೈಡ್‌ಗೆ 'ತಾರಸಿ ಮನೆಗಳು ಬೇಕು, ಕಾರ್ಪೆಟ್ ಅಂಗಡಿ ಬೇಡ' ಎಂದು ಮೊದಲೇ ಬರೆದು ಹೇಳಿದರೆ ಒಂದು ಗಂಟೆಯನ್ನು ಅತ್ತಿಂದಿತ್ತ ತಿರುಗಿಸಿದಂತಾಯಿತು.

ಕಾರ್ಪೆಟ್ ಅಂಗಡಿಯ ಮಾತು ಬಂತು, ಹೇಳಿಯೇ ಬಿಡುತ್ತೇನೆ. 'ನೇಯ್ಗೆಯ ಪ್ರಾತ್ಯಕ್ಷಿಕೆ' ಎಂದು ಕಾರ್ಯಕ್ರಮದಲ್ಲಿ ಕಂಡರೆ ಅದು ಅಂಗಡಿ. ಮಗ್ಗದ ಮುಂದೆ ಒಬ್ಬ ಹೆಂಗಸು ಹತ್ತು ಗಂಟು ಹಾಕಿ ತೋರಿಸುತ್ತಾಳೆ, ಸಣ್ಣ ಗಾಜಿನ ಲೋಟದಲ್ಲಿ ಸೇಬಿನ ಚಹಾ ಬರುತ್ತದೆ, ಬಾಗಿಲು ಮೆಲ್ಲಗೆ ಮುಚ್ಚುತ್ತದೆ, ಇಬ್ಬರು ಹುಡುಗರು ಒಂದಾದ ಮೇಲೊಂದು ಕಾರ್ಪೆಟ್ ಬಿಚ್ಚಿ ಹಾಸಲು ಶುರುಮಾಡುತ್ತಾರೆ. ಹಡಗಿನ ಟೂರ್‌ನಲ್ಲೂ ಇದು ಇದೆ, ಖಾಸಗಿಯಲ್ಲೂ ಇದೆ, ಏಕೆಂದರೆ ಕಮಿಷನ್ ಎರಡೂ ಕಡೆ ನಡೆಯುತ್ತದೆ. ವ್ಯತ್ಯಾಸ ಇಷ್ಟೇ, ಖಾಸಗಿಯಲ್ಲಿ ಬೇಡ ಎನ್ನುವ ಅಧಿಕಾರ ನಿಮ್ಮದು. ತೀರಾ ಅಗ್ಗದ ದರ ಹೇಳುವ ಗೈಡ್ ಉಳಿದದ್ದನ್ನು ಎಲ್ಲಿ ತುಂಬಿಕೊಳ್ಳುತ್ತಾನೆ ಎಂದು ಒಮ್ಮೆ ಯೋಚಿಸಿ.

ಇಟಲಿಯ ಲಿವೋರ್ನೊ ಬಂದರಿನಿಂದ ಫ್ಲಾರೆನ್ಸ್‌ಗೆ ಸುಮಾರು 90 ಕಿಲೋಮೀಟರ್, ದಾರಿಯ ಪಕ್ಕದಲ್ಲೇ ಪೀಸಾ. ಎರಡನ್ನೂ ನೋಡಿಬಿಡೋಣ ಎಂಬ ಆಸೆ ಇಲ್ಲಿ ಎಲ್ಲರಿಗೂ ಬರುತ್ತದೆ. ಖಾಸಗಿ ಕಾರಿನಲ್ಲಿ ಅದು ಸಾಧ್ಯ, ಪೀಸಾದಲ್ಲಿ ಮುಕ್ಕಾಲು ಗಂಟೆ, ಗೋಪುರ ಹತ್ತದೆ. ಹಡಗು ಹತ್ತು ಗಂಟೆಗಿಂತ ಕಡಿಮೆ ನಿಂತರೆ ಪೀಸಾ ಬಿಡಿ. ಇನ್ನೂ ಮುಖ್ಯವಾದದ್ದು ವಾರ: ಫ್ಲಾರೆನ್ಸ್‌ನ ಉಫಿತ್ಸಿ ಮತ್ತು ಡೇವಿಡ್ ಶಿಲ್ಪವಿರುವ ಅಕಾದೆಮಿಯಾ ಮ್ಯೂಸಿಯಂಗಳು ಸೋಮವಾರ ಮುಚ್ಚಿರುತ್ತವೆ. ರೋಮ್‌ನ ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ರಜೆ. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆ ಮಂಗಳವಾರ, ಗ್ರ್ಯಾಂಡ್ ಬಜಾರ್ ಭಾನುವಾರ ತೆರೆಯುವುದಿಲ್ಲ. ನೀವು ಕಳಿಸಿದ ತಾರೀಕು ನೋಡಿದ ಕೂಡಲೇ ಇದನ್ನು ಹೇಳುವ ಗೈಡ್ ಒಳ್ಳೆಯವರು. ಹೇಳದೆ ಮುಂಗಡ ಕೇಳುವವರನ್ನು ಅಲ್ಲಿಗೇ ಬಿಡಿ.

ತೀರಾ ದೂರ ಇದ್ದರೆ

ಪ್ಯಾರಿಸ್ ಎಂದು ಬರೆದಿದ್ದರೆ ಹಡಗು ನಿಲ್ಲುವುದು ಲ ಹಾವ್ರ್‌ನಲ್ಲಿ, ದೂರ ಸುಮಾರು 200 ಕಿಲೋಮೀಟರ್. ಬರ್ಲಿನ್ ಎಂದರೆ ವಾರ್ನೆಮುಂಡೆ, ಒಂದು ದಿಕ್ಕಿಗೆ ಮೂರು ಗಂಟೆ. ಬ್ಯಾಂಕಾಕ್ ಎಂದರೆ ಲೇಮ್ ಚಬಾಂಗ್, ನೂರಿಪ್ಪತ್ತು ಕಿಲೋಮೀಟರ್‌ಗೂ ಮೇಲೆ, ನಗರದ ಸಂಚಾರ ದಟ್ಟಣೆ ಬೇರೆ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಆ ಊರು ನೋಡಲೇಬೇಕಿದ್ದರೆ ಹಡಗಿನ ಟೂರ್ ಕೊಳ್ಳಿ. ಹೆದ್ದಾರಿಯಲ್ಲಿ ಒಂದು ಅಪಘಾತವಾಗಿ ಎರಡು ಗಂಟೆ ನಿಂತರೆ ಅತ್ಯುತ್ತಮ ಖಾಸಗಿ ಗೈಡ್ ಕೂಡ ಏನೂ ಮಾಡಲಾರರು. ಹತ್ತು ಬಸ್ ಜನ ಹೊರಗಿದ್ದರೆ ಹಡಗು ಕಾಯುತ್ತದೆ, ನಾಲ್ವರಿಗಾಗಿ ಕಾಯುವುದಿಲ್ಲ.

ಅದಕ್ಕಿಂತ ಒಳ್ಳೆಯದು ದೂರದ ಹೆಸರನ್ನು ಬಿಟ್ಟು ಹತ್ತಿರವಿದ್ದದ್ದನ್ನು ನೋಡುವುದು. ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ಲ ಹಾವ್ರ್ ನಗರವನ್ನು ಒಗ್ಯೂಸ್ತ್ ಪೆರೆ ಎಂಬ ವಾಸ್ತುಶಿಲ್ಪಿ ಕಾಂಕ್ರೀಟಿನಲ್ಲಿ ಮರಳಿ ಕಟ್ಟಿಸಿದ. 2005ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು. ಒಂದು ಬದಿಗೆ ಎತ್ರೆತಾದ ಸುಣ್ಣಕಲ್ಲಿನ ಕಡಿದಾದ ದಂಡೆ, ಇನ್ನೊಂದು ಬದಿಗೆ ನೊರ್ಮಾಂದಿ ಸೇತುವೆಯಾಚೆ ಓನ್‌ಫ್ಲರ್ ಎಂಬ ಹಳೆಯ ಬಂದರು ಪೇಟೆ. ಎರಡೂ ಮೂವತ್ತು ಕಿಲೋಮೀಟರ್ ಒಳಗೆ. ಖಾಸಗಿ ಕಾರಿಗೆ ಹೇಳಿ ಮಾಡಿಸಿದಂಥ ದಿನ. ಐದು ಗಂಟೆ ಬಸ್ಸಿನಲ್ಲಿ ಕೂತು ಐಫೆಲ್ ಗೋಪುರವನ್ನು ಕಿಟಕಿಯಿಂದ ನೋಡುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದು ಪ್ಯಾರಿಸ್ ನೋಡಿದ ಲೆಕ್ಕಕ್ಕೆ ಬರುವುದಿಲ್ಲ.

ದೋಣಿಯಲ್ಲಿ ಇಳಿಸುವ ಬಂದರುಗಳು

ಕೆಲವು ಕಡೆ ಧಕ್ಕೆ ಇಲ್ಲ. ಹಡಗು ಸಮುದ್ರದಲ್ಲೇ ಲಂಗರು ಹಾಕಿ ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತದೆ. ಮೊದಲ ದೋಣಿಗಳು ಹಡಗಿನ ಟೂರ್ ಕೊಂಡವರಿಗೆ. ಉಳಿದವರಿಗೆ ಚೀಟಿ, ಸರದಿ. ಗ್ರೀಸ್‌ನ ಸಾಂತೊರಿನಿ ದ್ವೀಪದಲ್ಲಿ ಇದರ ಮೇಲೆ ಇನ್ನೊಂದು ಕಗ್ಗಂಟು: ಸ್ವಂತವಾಗಿ ಹೋಗುವವರು ಇಳಿಯುವುದು ಬಂಡೆಯ ಬುಡದ ಹಳೆಯ ಬಂದರಿನಲ್ಲಿ, ಮೇಲಿನ ಫಿರಾ ಪಟ್ಟಣಕ್ಕೆ ಕೇಬಲ್ ಕಾರು, ಇಲ್ಲವೇ ಆರುನೂರಕ್ಕೆ ಹತ್ತಿರ ಮೆಟ್ಟಿಲು. ಹಡಗಿನ ಟೂರ್‌ನವರನ್ನು ಸಾಮಾನ್ಯವಾಗಿ ಬಸ್ ಬರುವ ಬೇರೆ ಬಂದರಿಗೆ ಬಿಟ್ಟು ಮೇಲಕ್ಕೆ ಕರೆದೊಯ್ಯುತ್ತಾರೆ. ನಾಲ್ಕೈದು ಹಡಗು ಒಟ್ಟಿಗೆ ಬಂದ ದಿನ ಕೇಬಲ್ ಕಾರಿನ ಸಾಲೇ ಒಂದು ಗಂಟೆ ತಿನ್ನುತ್ತದೆ, ಇಳಿಯುವಾಗ ಇನ್ನೊಮ್ಮೆ. ಅಲ್ಲಿ ಖಾಸಗಿ ಟೂರ್ ಬೇಕೆಂದರೆ ಗೈಡ್ ಜೊತೆ ಭೇಟಿಯನ್ನು ಹಡಗು ಬರುವ ವೇಳೆಗಿಂತ ಎರಡು ಗಂಟೆ ತಡವಾಗಿ, ಕೇಬಲ್ ಕಾರಿನ ಮೇಲಿನ ನಿಲ್ದಾಣದಲ್ಲಿ ಗೊತ್ತುಮಾಡಿ. ಸಮುದ್ರ ಒರಟಾಗಿದ್ದರೆ ಟೆಂಡರ್ ಬಂದರು ರದ್ದಾಗುವ ಸಾಧ್ಯತೆಯೂ ಹೆಚ್ಚು, ಮುಂಗಡ ಕೊಡುವ ಮುನ್ನ ಅದು ನೆನಪಿರಲಿ.

ಚಾಲಕ ಬೇರೆ, ಗೈಡ್ ಬೇರೆ

ಜಾಹೀರಾತಿನಲ್ಲಿ 'ಇಂಗ್ಲಿಷ್ ಮಾತನಾಡುವ ಚಾಲಕ' ಎಂದಿದ್ದರೆ ಸಿಗುವುದು ಅಷ್ಟೇ. ಇಟಲಿ, ಗ್ರೀಸ್, ಟರ್ಕಿಯಂಥ ದೇಶಗಳಲ್ಲಿ ಸ್ಮಾರಕದ ಒಳಗೆ ವಿವರಣೆ ಕೊಡಲು ಸರ್ಕಾರದ ಪರವಾನಗಿ ಬೇಕು. ಚಾಲಕ ಕೊಲೋಸಿಯಂ ಎದುರು ನಿಲ್ಲಿಸಿ, ದಾರಿಯಲ್ಲಿ ಕಂಡದ್ದನ್ನೆಲ್ಲ ಚೆನ್ನಾಗಿಯೇ ವಿವರಿಸಿ, ಬಾಗಿಲಲ್ಲಿ ನಿಮ್ಮನ್ನು ಬಿಟ್ಟು ಹಿಂದಿರುಗುತ್ತಾನೆ. ಇದರಲ್ಲಿ ಮೋಸವೇನಿಲ್ಲ, ದರವೂ ಅದಕ್ಕೆ ತಕ್ಕಂತೆ ಕಡಿಮೆ. ಆದರೆ ಎರಡು ಟೂರ್‌ಗಳ ದರ ಹೋಲಿಸುವಾಗ ಒಂದರಲ್ಲಿ ಚಾಲಕ ಮಾತ್ರ, ಇನ್ನೊಂದರಲ್ಲಿ ಪರವಾನಗಿ ಇರುವ ಗೈಡ್ ಸೇರಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ. ಪ್ರವೇಶ ಶುಲ್ಕ, ಗೈಡ್‌ನ ಊಟ, ಪಾರ್ಕಿಂಗ್, ಹೆದ್ದಾರಿ ಸುಂಕ ಸೇರಿದೆಯೇ ಎಂಬುದನ್ನೂ ಕೇಳಿ.

ದರ ಹೋಲಿಸಲು ಒಂದು ಸುಲಭ ಲೆಕ್ಕವಿದೆ. ಖಾಸಗಿ ವಾಹನದ ಒಟ್ಟು ದರವನ್ನು ಹಡಗಿನ ಟೂರ್‌ನ ತಲಾ ದರದಿಂದ ಭಾಗಿಸಿ. ಉತ್ತರ ಮೂರೂವರೆ ಬಂದರೆ ನಾಲ್ವರಿದ್ದಾಗ ಖಾಸಗಿಯೇ ಅಗ್ಗ, ಇಬ್ಬರಿದ್ದಾಗ ದುಬಾರಿ. ಹಡಗಿನ ದರದಲ್ಲಿ ಪ್ರವೇಶ ಶುಲ್ಕ ಸೇರಿರುವುದು ಸಾಮಾನ್ಯ, ಹಾಗಾಗಿ ಖಾಸಗಿ ದರಕ್ಕೂ ಅದನ್ನು ಕೂಡಿಸಿದ ಮೇಲೆ ಭಾಗಿಸಬೇಕು. ದುಬಾರಿಯಾದರೂ ಖಾಸಗಿಯೇ ಸರಿ ಎನ್ನಬಹುದಾದ ಸಂದರ್ಭಗಳಿವೆ: ಮೊಣಕಾಲು ನೋವಿನ ಹಿರಿಯರು, ಗಾಲಿಕುರ್ಚಿ, ಮಧ್ಯಾಹ್ನ ಮಲಗಲೇಬೇಕಾದ ಮಗು. ಬಸ್ಸಿನ ವೇಗ ಇವರಿಗಾಗಿ ಬದಲಾಗುವುದಿಲ್ಲ. ಗಾಲಿಕುರ್ಚಿ ಇದ್ದರೆ ಅದರ ಅಳತೆ, ಮಡಚಲು ಬರುತ್ತದೆಯೇ ಎಂಬುದನ್ನು ಮೊದಲ ಪತ್ರದಲ್ಲೇ ಬರೆಯಿರಿ.

ಹಡಗು ತಪ್ಪುವ ಭಯ

ಹಡಗಿನ ಕೌಂಟರ್‌ನಲ್ಲಿ ಈ ಭಯವನ್ನು ಧಾರಾಳವಾಗಿ ಮಾರುತ್ತಾರೆ. ಆದರೆ ಬಂದರಿನ ಗೈಡ್‌ಗಳ ಹೊಟ್ಟೆಪಾಡೇ ಜನರನ್ನು ಸಮಯಕ್ಕೆ ಹಡಗು ಮುಟ್ಟಿಸುವುದರ ಮೇಲೆ ನಿಂತಿದೆ. ಒಬ್ಬರನ್ನು ತಪ್ಪಿಸಿದರೂ ಆ ಹೆಸರು ಉಳಿಯುವುದಿಲ್ಲ. ಅನುಭವಿಗಳು ದೂರದ ಜಾಗವನ್ನು ಮೊದಲು ಮುಗಿಸಿ, ದಿನದ ಕೊನೆಯ ಹೊತ್ತನ್ನು ಬಂದರಿನ ಹತ್ತಿರದಲ್ಲೇ ಕಳೆಯುವಂತೆ ಕಾರ್ಯಕ್ರಮ ಹೆಣೆಯುತ್ತಾರೆ. ನಿಮಗೆ ಕಳಿಸಿದ ಕಾರ್ಯಕ್ರಮ ಹೀಗಿದೆಯೇ ಎಂದು ನೋಡುವುದೇ ಅವರ ಅನುಭವ ಅಳೆಯುವ ಚುರುಕಾದ ದಾರಿ.

ಆದರೂ ಭಯ ಪೂರ್ತಿ ಸುಳ್ಳಲ್ಲ, ಅದರಲ್ಲೂ ವೀಸಾ ಬೇಕಾದ ಪಾಸ್‌ಪೋರ್ಟ್ ಇರುವವರಿಗೆ. ಇಟಲಿಯಿಂದ ಟರ್ಕಿಗೆ ಹೋಗಿ ಗ್ರೀಸ್‌ಗೆ ಮರಳುವ ಹಡಗಿನಲ್ಲಿ ಒಂದೇ ಪ್ರವೇಶದ ಷೆಂಗನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ವೀಸಾ) ಸಾಲದು. ಕೆಲವು ದೇಶಗಳಲ್ಲಿ ಹಡಗಿನಿಂದ ಹಗಲಿಗಷ್ಟೇ ಇಳಿದವರಿಗೆ ವಿನಾಯಿತಿ ಇರುತ್ತದೆ. ಹಡಗು ಹೊರಟುಹೋದ ಮೇಲೆ ಆ ವಿನಾಯಿತಿಯ ಸ್ಥಿತಿ ತೊಡಕಿನದು. ಸೇಂಟ್ ಪೀಟರ್ಸ್‌ಬರ್ಗ್‌ಗೆ ಕ್ರೂಸ್‌ಗಳು ಹೋಗುತ್ತಿದ್ದ ಕಾಲದಲ್ಲಿ ಪರವಾನಗಿ ಇರುವ ಸಂಸ್ಥೆಯ ಟೂರ್ ಕೊಂಡವರಿಗೆ 72 ಗಂಟೆಯವರೆಗೆ ವೀಸಾ ಬೇಕಿರಲಿಲ್ಲ, ಸ್ವಂತವಾಗಿ ಅಡ್ಡಾಡಲು ಬೇಕಿತ್ತು. ಹಾಗಾಗಿ ಟೂರ್ ಆರಿಸುವ ಮೊದಲು ಆ ಬಂದರಿನ ವೀಸಾ ನಿಯಮ ಓದಿ.

ಗೈಡ್‌ಗೆ ಬರೆಯುವ ಮೊದಲ ಪತ್ರ ಹೀಗಿರಲಿ: ಹಡಗಿನ ಹೆಸರು, ತಾರೀಕು, ಬರುವ ಮತ್ತು ಹೊರಡುವ ವೇಳೆ, ಎಷ್ಟು ಜನ, ಎಷ್ಟು ವಯಸ್ಸು, ಏನು ನೋಡಲೇಬೇಕು, ಏನು ಬೇಡವೇ ಬೇಡ. ಆಮೇಲೆ ಮೂರು ಪ್ರಶ್ನೆ. ಹಡಗು ಆ ಬಂದರಿಗೆ ಬಾರದಿದ್ದರೆ ಮುಂಗಡ ಪೂರ್ತಿ ಮರಳುತ್ತದೆಯೇ? ಭೇಟಿಯ ಜಾಗ ನಿಖರವಾಗಿ ಎಲ್ಲಿ? ನಿಮ್ಮಿಂದ ತಡವಾಗಿ ಹಡಗು ತಪ್ಪಿದರೆ ಏನು ಮಾಡುತ್ತೀರಿ? ಉತ್ತರ ಬರಹದಲ್ಲಿ ಬರಬೇಕು. ಎರಡನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಖಾಸಗಿ ವಾಹನಗಳನ್ನು ಎಷ್ಟೋ ಬಂದರುಗಳಲ್ಲಿ ಧಕ್ಕೆಯವರೆಗೆ ಬಿಡುವುದಿಲ್ಲ. ಚಿವಿತವೆಕ್ಕಿಯಾದಲ್ಲಿ ಬಂದರಿನ ಶಟಲ್ ಬಸ್ ಹಿಡಿದು ಲಾರ್ಗೊ ದೆಲ್ಲಾ ಪಾಚೆ ಎಂಬ ನಿಲ್ದಾಣಕ್ಕೆ ಬರಬೇಕಾಗುತ್ತದೆ. 'ಬಂದರಿನಲ್ಲಿ ಸಿಗುತ್ತೇನೆ' ಎಂಬ ಒಂದು ಸಾಲಿನಿಂದ ಬೆಳಗಿನ ಒಂದು ಗಂಟೆ ಹಾಳಾಗಬಹುದು.

ಇಳಿಯುವ ದಿನದ ಬೆಳಿಗ್ಗೆ ನೋಡಬೇಕಾದದ್ದು ಹಡಗಿನ ಗಡಿಯಾರ. ಕೆಲವು ಪ್ರಯಾಣಗಳಲ್ಲಿ ಹಡಗಿನ ಸಮಯ ಬೇರೆ, ದಡದ ಸಮಯ ಬೇರೆ, ಮೊಬೈಲ್ ನಿಮ್ಮನ್ನು ಕೇಳದೆ ದಡದ ಸಮಯಕ್ಕೆ ತಿರುಗಿಕೊಳ್ಳುತ್ತದೆ. ಎಷ್ಟು ಗಂಟೆಗೆ ಹತ್ತಬೇಕು ಎಂಬುದನ್ನು ಗೈಡ್‌ಗೆ ಹೇಳುವಾಗ ಯಾವ ಸಮಯದ ಪ್ರಕಾರ ಎಂದೂ ಹೇಳಿ. ಹಿಂದಿನ ರಾತ್ರಿ ಕೋಣೆಗೆ ಬರುವ ಮರುದಿನದ ಕಾರ್ಯಕ್ರಮದ ಹಾಳೆಯಲ್ಲೋ ಹಡಗಿನ ಆ್ಯಪ್‌ನಲ್ಲೋ ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವ ಏಜೆಂಟರ ದೂರವಾಣಿ ಸಂಖ್ಯೆ ಇರುತ್ತದೆ. ಅದರ ಚಿತ್ರವೊಂದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಪಾಸ್‌ಪೋರ್ಟಿನ ಪ್ರತಿಯನ್ನು ಚೀಲದಲ್ಲಿಡಿ. ದಾರಿಯಲ್ಲಿ ತಡವಾಗುತ್ತಿದೆ ಎನ್ನಿಸಿದ ಕೂಡಲೇ ಗೈಡ್ ಕೈಯಿಂದ ಆ ಸಂಖ್ಯೆಗೆ ಕರೆ ಮಾಡಿಸಿ, ಅರ್ಧ ಗಂಟೆ ನೋಡೋಣ ಎಂದು ಕಾಯಬೇಡಿ.